ಮೂಳೆ ಒಗ್ಗದ ಕೈ

ನಮ್ಮ ದೊಡ್ಡತ್ತೆಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲೆಲ್ಲ "ಕೆತ್ತನೆ ಕೆಲಸ" ಎಂದು ತೇಲಿಸಿಬಿಡುತ್ತಿದ್ದೆ. ಪಿಸ್ತೂಲಿಗೆ ಮೂಳೆಯ ಹಿಡಿ ಮಾಡುತ್ತಾರೆ ಎಂದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಪಿಸ್ತೂಲಿಗೆ ಹೆದರದವರು ಮೂಳೆಗೆ ಮೂಗು ಮುರಿಯುತ್ತಾರೆ. ಅತ್ತೆಯೋ ಇರುವೆ ಸಾಲು ಕಂಡರೆ ಸುತ್ತಿ ಬಳಸಿ ಹೋಗುವ ಹೆಂಗಸು. ಜೀವಮಾನದಲ್ಲಿ ಒಂದೇ ಒಂದು ಗುಂಡು ಹಾರಿಸಿದವರಲ್ಲ. ಹಾರಿಸಿದ್ದೆಲ್ಲ ಬಾಯಿಂದ.

ಬೀದಿಯವರು ಅವರನ್ನು ಮೂಳೆಯಕ್ಕ ಅನ್ನುತ್ತಾರೆ. ನಾನು ಅವರ ದೊಡ್ಡ ತಮ್ಮನ ಮಗಳು. ಒಳಕೋಣೆಯ ಕೆಲಸ ಅವರದು. ಮುಂಕೋಣೆಯ ಗಲ್ಲಾ, ಟೀ ಮತ್ತು ಗಿರಾಕಿಗಳ ಜೊತೆ ಗುದ್ದಾಟ ನನ್ನದು. ಅತ್ತೆ ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ, "ಈ ವಾಸನೆ ಜೊತೆ ಸಂಸಾರ ಮಾಡೋ ಗಂಡು ಎಲ್ಲಿದ್ದಾನೆ ತೋರ್ಸಿ" ಅನ್ನುತ್ತಿದ್ದರು.

ವಾಸನೆಯ ವಿಷಯದಲ್ಲಿ ಅವರು ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ. ಮಾಂಸದಂಗಡಿಯಿಂದ ಎತ್ತಿನ ಕಾಲಿನ ಮೂಳೆ ಬರುತ್ತದೆ. ಎರಡೂ ಕಡೆಯ ಗಂಟು ಕೊಯ್ದು, ಒಳಗಿನ ಮಜ್ಜೆಯನ್ನು ಕಡ್ಡಿಯಿಂದ ನೂಕಿ, ಸೋಡಾ ಹಾಕಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಇಡಬೇಕು. ಆತುರಕ್ಕೆ ಬಿದ್ದು ಕುದಿಸಿದರೆ ಮೂಳೆ ಸೀಮೆಸುಣ್ಣವಾಗುತ್ತದೆ. ಜಿಡ್ಡು ಬಿಟ್ಟ ಮೇಲೆ ಅಟ್ಟದ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಆಮೇಲೆ ಸೀಳಿ, ಪಿಸ್ತೂಲಿನ ಹಿಡಿಯ ಎರಡು ಪಕ್ಕಕ್ಕೆ ಎರಡು ಬಿಲ್ಲೆ ಕೂರಿಸಿ, ನೀರು ಮುಟ್ಟಿಸಿಕೊಂಡು ಅರದಿಂದ ಉಜ್ಜುತ್ತಾ ಕೂರುವುದು. ಒಣದಾಗಿ ಉಜ್ಜಿದರೆ ಪುಡಿ ಎದೆಗೆ ಇಳಿಯುತ್ತದೆ. ಎಷ್ಟು ನೀರು ಹಾಕಿದರೂ ಕೂದಲು ಸುಟ್ಟಂಥ ಆ ವಾಸನೆ ಮನೆಯ ಹೊದಿಕೆಗಳನ್ನೂ ಬಿಟ್ಟಿಲ್ಲ.

ಬರುವವರು ಕಾವಲು ಕೆಲಸದವರು, ಗುರಿ ಹೊಡೆಯುವ ಕ್ಲಬ್ಬಿನವರು. ಅವರ ಕೈಗೆ ಅತ್ತೆ ಮೊದಲು ಬೆಚ್ಚಗಿನ ಮೇಣದ ಮುದ್ದೆ ಕೊಡುತ್ತಾರೆ. "ಹಿಡೀರಿ. ಹೆಂಡ್ತಿ ಕೈ ಹಿಡಿದ ಹಾಗಲ್ಲ, ಬಸ್ಸಲ್ಲಿ ಕಂಬಿ ಹಿಡೀತೀರಲ್ಲ, ಹಾಗೆ." ಮೇಣದಲ್ಲಿ ಬೆರಳುಗಳ ಅಚ್ಚು ಬೀಳುತ್ತದೆ. ಅದನ್ನು ನೋಡಿಕೊಂಡು ಹಿಡಿಯನ್ನು ಸ್ವಲ್ಪ ದಪ್ಪವಾಗಿಯೇ ಮಾಡಿ, ಗಿರಾಕಿಯನ್ನು ಮತ್ತೆ ಕರೆಸಿ, ಅವನ ಕೈಯಲ್ಲಿಟ್ಟು ನೋಡಿ ನೋಡಿ ತೀಡುತ್ತಾರೆ. ಕೈಗೆ ಕೂರಿಸುವುದು ಎಂದರೆ ಅದು. "ಮೇಣ ಅರ್ಧ ಹೇಳತ್ತೆ, ಉಳಿದಿದ್ದು ಕೈನೇ ಹೇಳ್ಬೇಕು" ಎನ್ನುವುದು ಅವರ ಕಾನೂನು. ಕೈಗೆ ಕೂರಿಸದ ಒಂದೇ ಒಂದು ಹಿಡಿಯೂ ನಮ್ಮ ಹೊಸಿಲು ದಾಟಿರಲಿಲ್ಲ.

ಒಳಕೋಣೆಯ ಗೋಡೆಯ ಮೇಲೆ ಅರಗಳನ್ನು ಸಾಲಾಗಿ ಸಿಕ್ಕಿಸುವ ಹಲಗೆಯಿದೆ. ಅದರಲ್ಲೊಂದು ಜಾಗ ಖಾಲಿ. ಒಮ್ಮೆ ಅಲ್ಲಿ ಕತ್ತರಿ ಸಿಕ್ಕಿಸಲು ಹೋಗಿ ನಾನು ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡೆ. ಅದು ನನ್ನ ಚಿಕ್ಕಪ್ಪನ ಅರದ ಜಾಗ.

ಚಿಕ್ಕಪ್ಪ ಮನೆಗೆಲ್ಲ ಕಿರಿಯ. ತಾಯಿಯಿಲ್ಲದ ಕೂಸನ್ನು ಎತ್ತಿ ಆಡಿಸಿದವರು, ಕೆಲಸ ಕಲಿಸಿದವರು ಅತ್ತೆಯೇ. ಚಿಕ್ಕಂದಿನಲ್ಲಿ ಅವನ ಉಂಗುರ ಬೆರಳಿನ ತುದಿ ಗರಗಸಕ್ಕೆ ಸಿಕ್ಕಿ ಹಾರಿಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ಡಾಕ್ಟರ ಬಳಿಗೆ ಓಡಿದವರೂ ಅವರೇ. ದೊಡ್ಡವನಾದ ಮೇಲೆ ಏನು ಮಾಡಿದರೂ ತಂದು ಅಕ್ಕನ ಮೂಗಿನ ಕೆಳಗೆ ಹಿಡಿಯುತ್ತಿದ್ದ. "ನೋಡಕ್ಕಾ, ಸರಿಯಾಯ್ತಾ?" ಅತ್ತೆ ಒಂದು ದಿನವೂ ಸರಿಯಾಯ್ತು ಅಂದವರಲ್ಲ. ಇಲ್ಲಿ ಉಬ್ಬಿದೆ, ಅಲ್ಲಿ ಗೀರಿದೆ. ಹೊಗಳಿದರೆ ಹುಡುಗ ಕೆಡುತ್ತಾನೆ ಎಂಬುದು ಅವರ ಲೆಕ್ಕಾಚಾರ. ನನ್ನನ್ನು ಕೇಳಿದರೆ, ಹೊಗಳದೆ ಕೆಟ್ಟವರೇ ಜಾಸ್ತಿ.

ಒಂದು ದಿನ ಅವನು ತಾತ ಜೋಪಾನವಾಗಿ ಎತ್ತಿಟ್ಟಿದ್ದ ಮೂಳೆಯನ್ನು ಸಾಣೆ ಚಕ್ರಕ್ಕೆ ಕೊಟ್ಟು, ಬಿಸಿ ಹೆಚ್ಚಾಗಿ ಬಿರುಕು ಬಿಡಿಸಿದ. ಗಿರಾಕಿಗಳೆಲ್ಲ ಕೂತಿದ್ದರು. ಅತ್ತೆ ಮುಖಮೂತಿ ನೋಡದೆ ಅಂದುಬಿಟ್ಟರು: "ನಿನ್ನ ಕೈಗೆ ಮೂಳೆ ಒಗ್ಗಲ್ಲ ಕಣೋ. ಹೋಗಿ ಬೇರೆ ಏನಾದ್ರೂ ನೋಡ್ಕೋ." ಅವನು ತನ್ನ ಅರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೇಹೋದ. ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದು ಅತ್ತೆ ತಟ್ಟೆ ಮುಚ್ಚಿಟ್ಟು ಕಾದರು. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ಈಗ ನನ್ನ ಮಗಳು ಹೋಗುತ್ತಿದ್ದಾಳೆ.

ಹೋದ ವರ್ಷ ಬೀದಿಯ ತುದಿಯ ಬಂದೂಕಿನಂಗಡಿಯವನು ಒಂದು ಡಬ್ಬಿ ತಂದ. ಅದರಲ್ಲಿ ಒಂದು ಪಿಸ್ತೂಲಿನ ಹಿಡಿಯ ಅಳತೆ, ಜೊತೆಗೆ ಮೇಣದ ಮುದ್ದೆ.

"ಗಿರಾಕಿ ದೂರದವರು ಅಕ್ಕಾ. ಬರೋಕಾಗಲ್ವಂತೆ. ಹಿಡಿ ನಿಮ್ಮ ಕೈಯಿಂದಾನೇ ಆಗ್ಬೇಕಂತೆ."

"ನಿನ್ನ ಅಂಗಡೀಲಿ ಅಚ್ಚು ಕೊಡೋಕೆ ಬರೋರಿಗೆ ಇಲ್ಲಿಗೆ ಬರೋಕೇನು ಅಡ್ಡಿ?" ಎಂದು ಗೊಣಗುತ್ತಾ ಅತ್ತೆ ಮುದ್ದೆ ಎತ್ತಿಕೊಂಡರು. ಅಚ್ಚಿನೊಳಗೆ ತಮ್ಮ ಬೆರಳುಗಳನ್ನು ಇಟ್ಟರು. ಮೂರು ಬೆರಳು ಸಲೀಸಾಗಿ ಕೂತವು. ಉಂಗುರ ಬೆರಳಿನ ಗುಳಿ ಮಾತ್ರ ಮೊಟಕು.

ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. "ನಮ್ಮ ಚಿಕ್ಕೋನು ಕಣೇ ಇದು," ಎಂದರು. ಬಂದೂಕಿನಂಗಡಿಯವನು ಕಣ್ಣು ತಪ್ಪಿಸಿದ. ಎಷ್ಟು ಕಾಡಿದರೂ ವಿಳಾಸ ಬಾಯಿಬಿಡಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದನಂತೆ.

ಅಟ್ಟದಲ್ಲಿದ್ದ ಅತ್ಯುತ್ತಮ ಮೂಳೆ ಕೆಳಗಿಳಿಯಿತು. ಬೇರೆ ಗಿರಾಕಿಗಳೆಲ್ಲ ಮೂಲೆಗೆ ಬಿದ್ದರು. ಅತ್ತೆ ಹಿಡಿಯನ್ನು ದಪ್ಪವಾಗಿ ಮಾಡಿಟ್ಟು, ಕೈಗೆ ಕೂರಿಸಲು ಬರಲೇಬೇಕೆಂದು ಹೇಳಿಕಳಿಸಿದರು. ಮೇಣ ನೋಡಿಯೇ ಮುಗಿಸಿ ಎಂದು ಉತ್ತರ ಬಂತು. ಆ ದಿನ ಅವರು ಊಟ ಬಿಟ್ಟರು. "ಒಂದ್ಸಲ ಬರ್ಲಿ. ಬೈಯೋಕಾದ್ರೂ ಬರ್ಲಿ. ಎಷ್ಟು ದಪ್ಪ ಆಗಿದ್ದಾನೋ, ಕೂದಲು ಉಳಿದಿದೆಯೋ ಇಲ್ವೋ, ಕಣ್ತುಂಬ ನೋಡ್ತೀನಿ, ಅಷ್ಟೇ ಸಾಕು."

ಆಮೇಲೆ ಅವರು ಮಾಡಿದ್ದನ್ನು ನಾನು ಕಣ್ಣಾರೆ ನೋಡಿರದಿದ್ದರೆ ನಂಬುತ್ತಿರಲಿಲ್ಲ. ಹಿಡಿಯನ್ನೆಲ್ಲ ಬೆಣ್ಣೆಯಂತೆ ನಯ ಮಾಡಿ, ಮೊಟಕು ಬೆರಳು ಕೂರುವ ಜಾಗದಲ್ಲಿ ಮಾತ್ರ ಬೇಕೆಂದೇ ಒಂದು ಉಬ್ಬು ಬಿಟ್ಟರು. ಹಿಡಿದವನಿಗೆ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚಬೇಕು.

"ಅತ್ತೆ, ಇಷ್ಟು ವರ್ಷದ ಹೆಸರು ಮಣ್ಣುಪಾಲಾಗತ್ತೆ!"

"ಆಗ್ಲಿ ಬಿಡೇ. ಹೆಸರು ಬಂದು ನನ್ನ ಜೊತೆ ಊಟಕ್ಕೆ ಕೂರತ್ತಾ?"

ಡಬ್ಬಿ ಹೋಯಿತು. ಅತ್ತೆ ತಮ್ಮ ಬೆಂಚನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಬೀದಿಯಲ್ಲಿ ಯಾವ ಗಂಡಸು ನಿಧಾನ ಮಾಡಿದರೂ ಅರ ನಿಲ್ಲುತ್ತಿತ್ತು. ಕರೆಂಟು ಬಿಲ್ಲು ಕೊಡಲು ಬಂದವನಿಗೆ ಬಿಸಿಬಿಸಿ ಟೀ ಸಿಕ್ಕಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಬಂದದ್ದು ಚಿಕ್ಕಪ್ಪನಲ್ಲ. ಬಂದೂಕಿನಂಗಡಿಯವನು, ಕೈಯಲ್ಲಿ ಅದೇ ಡಬ್ಬಿ. ಅತ್ತೆಯ ಮುಖ ಬಾಡಿತು. ಹಿಡಿ ವಾಪಸ್ಸು ಬಂದಿತ್ತು. ಎತ್ತಿಕೊಂಡು ಹೆಬ್ಬೆರಳಿನಿಂದ ಆ ಉಬ್ಬನ್ನು ಹುಡುಕಿದರು. ಉಬ್ಬು ಇರಲಿಲ್ಲ.

ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಂಡು ನೋಡಿದರು. ಅವರ ಕೆಲಸ ಎಲ್ಲಿ ಮುಗಿದು ಅವನ ಕೆಲಸ ಎಲ್ಲಿ ಶುರುವಾಯಿತೆಂದು ಅವರಿಗೇ ತಿಳಿಯಲಿಲ್ಲ. ಒಂದು ಗೀರಿಲ್ಲ.

"ಏನಾದ್ರೂ ಅಂದ್ನಾ?" ಎಂದು ಕೇಳಿದರು.

"ಹೆಚ್ಚೇನಿಲ್ಲ ಅಕ್ಕಾ. ನಿಮ್ಗೆ ತೋರಿಸಿ, ಸರಿಯಾಯ್ತಾ ಅಂತ ಕೇಳ್ಕೊಂಡು ಬಾ ಅಂದ್ರು."

ಅತ್ತೆ ಅತ್ತರು. ಸೆರಗು ಗಿರಗು ಅಡ್ಡ ಹಿಡಿಯದೆ, ಮೂರನೆಯವನು ಎದುರಿಗಿದ್ದಾನೆ ಎಂಬ ಪರಿವೆಯಿಲ್ಲದೆ ಅತ್ತರು. ಚಿಕ್ಕಪ್ಪ ಎಲ್ಲೋ ಒಂದು ಮೂಲೆಯಲ್ಲಿ ಕೂತು, ಒಗ್ಗಲ್ಲ ಎಂದ ಮೂಳೆಯನ್ನು ಇಷ್ಟು ವರ್ಷವೂ ಒಗ್ಗಿಸಿಕೊಳ್ಳುತ್ತಲೇ ಇದ್ದ.

"ಸರಿಯಾಯ್ತು ಅನ್ನು," ಎಂದರು ಅತ್ತೆ. "ಸರಿಯಾಯ್ತು, ತುಂಬ ಚೆನ್ನಾಗಾಯ್ತು ಅನ್ನು." ಬಂದೂಕಿನಂಗಡಿಯವನು ಏಳಲು ಹೋದ. "ಕೂತ್ಕೋ, ಮುಗೀಲಿಲ್ಲ."

ಒಲೆ ಹಚ್ಚಿ ಮೇಣ ಬಿಸಿ ಮಾಡಿದರು. ಅರ ಹಿಡಿಯುವ ಹಾಗೆ ತಮ್ಮ ಬಲಗೈಯಿಂದಲೇ ಮುದ್ದೆಯನ್ನು ಅದುಮಿದರು. ಮೊದಲ ಅಚ್ಚು ಕದಡಿತು, ಮತ್ತೊಮ್ಮೆ ಮಾಡಿದರು.

"ನನ್ನ ಅರದ ಹಿಡಿ ಸವೆದುಹೋಗಿದೆ. ಮೂಳೇದೇ ಒಂದು ಮಾಡ್ಕೊಡ್ಬೇಕಂತೆ ಅನ್ನು. ಮೇಣದಲ್ಲೇ ಮುಗಿಸೋ ಹಾಗಿಲ್ಲ ಅಂತ ಅವನಿಗೂ ಗೊತ್ತು. ಕೈಗೆ ಕೂರಿಸೋಕೆ ನಾನು ಎಲ್ಲಿಗೆ ಬರ್ಲಿ ಅಂತ ಕೇಳ್ಕೊಂಡು ಬಾ."

ನಾನು ಡಬ್ಬಿಗೆ ಹತ್ತಿ ಹಾಸಿದೆ. ಅತ್ತೆ ಮುದ್ದೆಯನ್ನು ಕೊಡದೆ ಹಾಗೇ ಹಿಡಿದು ನೋಡುತ್ತಾ ನಿಂತರು. ಮೇಣದಲ್ಲಿ ಬಿದ್ದಿದ್ದ ಬೆರಳುಗಳು ತೆಳ್ಳಗೆ, ಗೆಣ್ಣುಗಳು ದಪ್ಪ, ಕಿರುಬೆರಳು ಸೊಟ್ಟ.

"ಅವನು ಹೋದಾಗ ನನ್ನ ಕೈ ಹೀಗಿರ್ಲಿಲ್ಲ ಕಣೇ," ಎಂದರು. "ಗುರುತು ಸಿಗತ್ತಾ ಅವನಿಗೆ?"