ಬಚ್ಚಲಿಗೆ ಬಂದ ಬಾಂದಗಲ್ಲು

ದೊಡ್ಡವನೇ, ಸಣ್ಣಾಕೆಯೇ, ಚಿಕ್ಕನರಗುಂದದ ನಮ್ಮ ಹೊಲ ಅಳೆಯಲು ಸರಕಾರದವರು ಬಂದ ದಿನ ನಾನು ಎಷ್ಟು ನಾಚಿದೆನೆಂದು ಬಾಯಿಂದ ಹೇಳಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಲದ ಮೂಲೆಯ ಬೇವಿನ ಮರ ನಾನು ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಅದರ ಹತ್ತಿರ ನಮ್ಮ ಹೊಲಕ್ಕೂ ನನ್ನ ಮೈದುನನ ಹೊಲಕ್ಕೂ ನಡುವಿನ ಗಡಿಯ ಕಲ್ಲು, ಬಾಂದಗಲ್ಲು, ಇತ್ತು. ಒಮ್ಮೆ ಟ್ರ್ಯಾಕ್ಟರ್ ತಾಗಿ ಅದು ಕಿತ್ತುಬಂತು. ನಿಮ್ಮ ಅಜ್ಜ, "ಯಾರರೆ ಸರಿಸಿಟ್ಟಾರು" ಎಂದು ಹೆದರಿ, ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಮನೆಗೇ ತಂದರು! ಜೋಪಾನವಾಗಿರಲೆಂದು ಬಚ್ಚಲಲ್ಲಿಟ್ಟರು. ನಾನು ಅದರ ಮೇಲೆ ಬಟ್ಟೆ ಒಗೆಯತೊಡಗಿದೆ.

ಅವರು ತೀರಿಕೊಂಡ ಮೇಲೆ ಮೈದುನ ಒಂದು ದಿನ ಫೋನಿನಲ್ಲಿ ನಕಾಶೆ ನೋಡುತ್ತ ಹೊಲ ಸುತ್ತಿ ಬಂದ. "ವೈನಿ, ಬೇವಿನ ಗಿಡ ನನ್ನ ಹೊಲದಾಗ ಐತಿ. ಕಡಿಸಿ ಬಾಗಲಾ ಮಾಡಸ್ತೀನಿ."

ನನಗೆ ಊಟ ಸೇರಲಿಲ್ಲ. ನರಗುಂದಕ್ಕೆ ಹೋಗಿ ಹೊಲ ಅಳೆಯುವ ಮೋಜಣಿಗೆ ಅರ್ಜಿ ಕೊಟ್ಟೆ. ಅಲ್ಲಿ ಗಡಿಯ ಕಲ್ಲುಗಳು ಇವೆಯೇ ಎಂದು ಕೇಳಿದ್ದಕ್ಕೂ ಬರೀ ತಲೆಯಾಡಿಸಿದೆ.

ಮೋಜಣಿ ಸಾಹೇಬರು ಕೋಲಿನ ತುದಿಗೆ ಜಾಗದ ಅಂಕಿ ತೋರಿಸುವ ಅಣಬೆಯಂಥ ಯಂತ್ರ ಸಿಕ್ಕಿಸಿಕೊಂಡು ಬಂದರು. ಮೈದುನ ಫೋನ್ ಚಾಚಿದ.

"ಇದು ಕಾಯ್ದೆಕ್ಕ ನಡಿಯಂಗಿಲ್ಲರಿ," ಎಂದರು ಅವರು. "ಸರಕಾರ ಗೊತ್ತು ಮಾಡಿದ ಪದ್ಧತಿ ಪ್ರಕಾರ ತಗದ ಅಂಕಿನ ಬೇಕು. ನಿಮ್ಮ ಫೋನು ಹತ್ತು ಹೆಜ್ಜಿ ಆಕಡೆ ತೋರಿಸಿದ್ರೂ ತೋರಿಸ್ತೈತಿ. ಈ ಮೂಲಿ ಕಲ್ಲು ಎಲ್ಲೈತ್ರಿ?"

"ಯಾರೋ ಕದ್ದಾರ್ರಿ!" ಎಂದು ಮೈದುನ ನನ್ನ ಕಡೆ ನೋಡಿದ.

ನಾನು ಸೆರಗು ಬಾಯಿಗೆ ಹಿಡಿದು, "ಬಚ್ಚಲದಾಗ ಐತ್ರಿ," ಎಂದೆ.

"ಬಚ್ಚಲದಾಗ ಏನ್ ಮಾಡಾಕತ್ತೈತ್ರಿ ಅದು?"

"ಅರಬಿ ಒಗಿಯಾಕ..."

ಸಾಹೇಬರು ನಗುತ್ತ ಒಡ್ಡಿನ ಮೇಲೆ ಕುಳಿತೇ ಬಿಟ್ಟರು. "ಕಲ್ಲು ಹೋದ್ರ ಹೋಗ್ಲಿ ಬಿಡ್ರಿ ಯಮ್ಮಾ, ಅದರ ಜಾಗಾ ಎಲ್ಲೂ ಹೋಗಿಲ್ಲ."

ಹಳೆಯ ನಕಾಶೆ ಬಿಚ್ಚಿ, ಉಳಿದ ಮೂರು ಮೂಲೆಗಳ ಕಲ್ಲುಗಳಿಂದ ಅಳೆದು, ಎರೆಮಣ್ಣಿನಲ್ಲಿ ಗೂಟ ಹೊಡೆದರು. ಮರ ನಮ್ಮ ಕಡೆ ಮೂರು ಹೆಜ್ಜೆ ಒಳಗಿತ್ತು.

ಕಲ್ಲನ್ನು ಹೊತ್ತು ತಂದು ಹೂಳಿದವನು ಮೈದುನನೇ. "ಏನ್ ನುಣ್ಣಗ ಮಾಡೀರಿ ವೈನಿ! ಸರಕಾರದ ಗುರ್ತನ ತೊಳದ ಹಾಕೀರಿ," ಎಂದು ಬೈದು, ಬೆವರು ಒರೆಸಿಕೊಳ್ಳುತ್ತ ಅದೇ ಮರದ ನೆರಳಿಗೆ ಹೋಗಿ ಮಲಗಿದ. ಈಗಲೂ ಮಧ್ಯಾಹ್ನ ಅಲ್ಲೇ ಮಲಗುತ್ತಾನೆ.

ಅಂಕಿ ಬರೆದ ಹೊಸ ನಕಾಶೆ ಟ್ರಂಕಿನಲ್ಲಿದೆ. ಅದರಲ್ಲಿ ಮೂಲೆಗಳಿವೆ, ಮರವಿಲ್ಲ. ಮುಂದೆ ಯಾರಾದರೂ ಕೊಡಲಿ ಹಿಡಿದು ಬಂದರೆ ತೋರಿಸಲು ಈ ಹಾಳೆಗಳನ್ನೂ ಅದರೊಳಗೇ ಮಡಚಿಡಿ. ಇಲಿ ಬಾಯಿ ಹಾಕದಂತೆ ನೋಡಿಕೊಳ್ಳಿರಪ್ಪಾ.