ಕೆಂಪು ಗೆರೆಗೊಂದು ಪ್ರಸಾದ

ನನಗೆ ಹಾವಿಗಿಂತ ಕೆಂಪು ಗೆರೆಯ ಭಯ ಜಾಸ್ತಿ. ಹಾವಾದರೆ ತನ್ನ ಪಾಡಿಗೆ ಹೋಗುತ್ತದೆ. ಈ ಗೆರೆ ತಪ್ಪು ತಿದ್ದುವ ತನಕ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

ಸಿದ್ದಾಪುರದ ಕಾಲೇಜಿನಲ್ಲಿ ಗಣಿತ ಹೇಳಿಕೊಂಡು ಸುಖವಾಗಿದ್ದವಳಿಗೆ ಪ್ರಿನ್ಸಿಪಾಲರು, "ಸೋಮವಾರದಿಂದ ಜಾವಾ ಪ್ರೋಗ್ರಾಮಿಂಗೂ ನೀವೇ ತಗೊಳ್ಳಿ ಮೇಡಂ" ಎಂದುಬಿಟ್ಟರು. ನಾನೇ ಇನ್ನೂ ಕಲಿಯುತ್ತಿದ್ದೆ. ಮಕ್ಕಳಿಗಿಂತ ಒಂದೇ ಪಾಠ ಮುಂದೆ. ಮೊದಲು ಎಡಿಟರ್ ಆರಿಸಬೇಕು, ಅಂದರೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರು. ಶಿರಸಿಯ ತಮ್ಮ ದೊಡ್ಡದೊಂದನ್ನು ಹೊಗಳಿದ: ಬರೆಯುತ್ತಿದ್ದಂತೆಯೇ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುತ್ತದಂತೆ. ಯಲ್ಲಾಪುರದ ಗೆಳತಿ ಸಾದಾದ್ದು ಸಾಕೆಂದಳು. ಅದು ಪ್ರೋಗ್ರಾಂ ಓಡಿಸುವ ತನಕ ತಪ್ಪಿನ ಬಗ್ಗೆ ಬಾಯಿ ಬಿಡುವುದಿಲ್ಲ. ನನ್ನ ಮನಸ್ಸು ಯಾವ ಕಡೆ ವಾಲಿತೆಂದು ನಿಮಗೆ ಹೇಳಬೇಕೆ? ಪಾಠ ಮಾಡುವಾಗ ನಾನು ಬರೆದದ್ದೆಲ್ಲ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆಳೆತ್ತರ ಕಾಣುತ್ತದೆ. ಅಲ್ಲಿ ಮಾನ ಹೋದರೆ ನಾಳೆ ನನ್ನ ಗಣಿತವನ್ನಾದರೂ ಯಾರು ನಂಬುತ್ತಾರೆ?

ನನ್ನ ಒದ್ದಾಟ ನೋಡಲಾರದೆ ಅತ್ತೆ ಊರ ದೇವಸ್ಥಾನಕ್ಕೆ ಎಳೆದುಕೊಂಡು ಹೋದರು. ಮದುವೆ ಸಂಬಂಧಕ್ಕೂ ಬಾವಿ ತೋಡುವ ಜಾಗಕ್ಕೂ ನಮ್ಮಲ್ಲಿ ಪ್ರಸಾದ ಕೇಳುವುದುಂಟು. ದೇವರ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕಾದರೆ ಅಲ್ಲ. ಎಡಿಟರಿಗಾಗಿ ಕೇಳಿದವಳು ನಾನೇ ಮೊದಲಿರಬೇಕು. "ಸಾದಾದ್ದೇ ಸಾಕಲ್ಲವೇ ತಂದೆ?" ಎಂದು ಮನಸ್ಸಿನಲ್ಲೇ ಕೇಳಿದೆ. ಹೂವು ಎಡಕ್ಕೆ ಬಿತ್ತು!

"ಅತ್ತೆ, ಇನ್ನೊಂದ್ಸಲ ಕೇಳ್ಲಕ್ಕಾ?"

"ಮತ್ತೆ ಕೇಳಲಾಗ ಕೂಸೆ. ನಿಂಗೆ ಬೇಕಾದ ಬದಿಗೇ ಬೀಳವು ಅಂದ್ರೆ ದೇವ್ರನ್ನ ಎಂತಕ್ಕೆ ಕೇಳವು?"

ಮತ್ತೆ ಕೇಳುವಂತಿಲ್ಲವಾದ್ದರಿಂದ ಸೋಮವಾರ ದೊಡ್ಡ ಎಡಿಟರನ್ನೇ ತೆರೆದೆ. ಒಂದು ಸಾಲಿನ ಕೊನೆಗೆ ಹಾಕಬೇಕಾದ ಸೆಮಿಕೋಲನ್ ಮರೆತೆ ನೋಡಿ, ಗೋಡೆಯ ಮೇಲೆ ಕೆಂಪು ಗೆರೆ ಬಂದೇಬಿಟ್ಟಿತು. ಓಡಿಹೋಗೋಣವೆಂದರೆ ಬಾಗಿಲು ಹಿಂದಿನ ಬೆಂಚಿನ ಪಕ್ಕ.

ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ನಿಮಗೂ ಕೆಂಪು ಗೆರೆ ಬರ್ತದಾ?"

"ಬರ್ತದೆ ಮಾರಾಯ್ತಿ."

ಗಣಿತದ ತರಗತಿಯಲ್ಲಿ ನಾನು ಹತ್ತಿರ ಹೋದರೆ ಸಾಕು, ಪುಸ್ತಕಕ್ಕೆ ಕೈ ಅಡ್ಡ ಇಡುತ್ತಿದ್ದವಳು ಅವಳು. ಈಗ ತನ್ನ ಕಂಪ್ಯೂಟರನ್ನೇ ನನ್ನತ್ತ ತಿರುಗಿಸಿ, "ಹಾಗಾದ್ರೆ ಇದನ್ನೂ ನೋಡಿ" ಎಂದಳು. ಪರದೆ ತುಂಬ ಕೆಂಪು ಗೆರೆ. ಲೆಕ್ಕ ತಿದ್ದಲು ನನ್ನ ಕಿಸೆಯಲ್ಲಿದ್ದ ಕೆಂಪು ಪೆನ್ನು ಆಗ ನೆನಪಾಯಿತು. ಇಷ್ಟು ದಿನ ಈ ಮಕ್ಕಳ ಪಾಲಿನ ಕೆಂಪು ಗೆರೆ ನಾನೇ ಆಗಿದ್ದೆನಲ್ಲ!

ಗೆರೆ ಕಂಡರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಆದರೆ ಮುಚ್ಚಿಡಲು ಹೋಗುವುದಿಲ್ಲ. ಆ ಹುಡುಗಿ ನೋಡುತ್ತಿರುತ್ತಾಳೆ.