ಒಂದೇ ಬಣ್ಣದ ಎರಡು ಮೀನು

ಮೀನಿಗೂ ಮೀನಿಗೂ ಆಗಿಬರದೆ ಇರಬಹುದು ಎಂಬುದು ಇಪ್ಪತ್ತು ತುಂಬುವ ತನಕ ನನಗೆ ಹೊಳೆದಿರಲಿಲ್ಲ. ನಮ್ಮ ಬಂಗಾರಪೇಟೆಯ ಮನೆಯಲ್ಲಿ ಮೀನೆಂದರೆ ಸಾರು. ಸಾರಿನ ಮಡಕೆಯೊಳಗೆ ಯಾವ ಮೀನೂ ಇನ್ನೊಂದರ ಮೇಲೆ ಏರಿಹೋದದ್ದನ್ನು ನಾನು ಕಂಡಿಲ್ಲ. ಕೊರವ, ಗೆಂಡೆ ಎಲ್ಲ ಹುಣಸೆಹುಳಿಯಲ್ಲಿ ಒಂದೇ ಚಾಪೆಯ ಮೇಲಿನ ಮಕ್ಕಳಂತೆ ಮಲಗಿರುತ್ತಿದ್ದವು. ಅವು ಸತ್ತಿದ್ದವು ಎಂಬುದೇ ಆ ಶಾಂತಿಗೆ ಕಾರಣವೆಂಬ ಸಣ್ಣ ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ, ಅಷ್ಟೆ.

ಬದುಕಿರುವ ಮೀನು ಮನೆ ಹೊಕ್ಕದ್ದು ಚಿಕ್ಕಮಾವನ ದೆಸೆಯಿಂದ. ಬಿಳಿ ದೊರೆಗಳು ಚಿನ್ನದ ಗಣಿ ಬಿಟ್ಟು ಹಡಗು ಹತ್ತುತ್ತಿದ್ದ ಕಾಲ. ಊರಿಗಾಮಿನಲ್ಲಿ ಗಣಿಗಿಳಿಯುತ್ತಿದ್ದ ಚಿಕ್ಕಮಾವನಿಗೆ ದೊರೆಯೊಬ್ಬ ಹೋಗುವಾಗ ತನ್ನ ಗಾಜಿನ ತೊಟ್ಟಿಯನ್ನು ಕೊಟ್ಟುಹೋದ. ಅದರಲ್ಲಿ ಆತ ಕಡಲ ಮೀನು ಸಾಕುತ್ತಿದ್ದನಂತೆ. ಚಿಕ್ಕಮಾವ ಅದನ್ನು ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಅವನ ಅಣ್ಣ, ನಮ್ಮ ದೊಡ್ಡಮಾವ, ರೈಲ್ವೆ ಗಾರ್ಡು. ಇವರು ಅಡುಗೆಮನೆಯಿಂದ ನೀರು ಕೇಳಿದರೂ ಗಾಡಿ ಬಿಡುವಂತೆ ಕೈ ಎತ್ತಿಯೇ ಕೇಳುವವರು. ಕಡಲ ನೀರು, ಹವಳದ ಕಲ್ಲು, ಮೀನು ಎಲ್ಲವನ್ನೂ ರಾಮೇಶ್ವರದ ಕಡೆಯಿಂದ ಗಾರ್ಡಿನಿಂದ ಗಾರ್ಡಿಗೆ ದಾಟಿಸಿ ಜೋಲಾರ್‌ಪೇಟೆಗೆ ತರಿಸಿಕೊಂಡು, ಅಲ್ಲಿಂದ ತಾವೇ ತರುವುದಾಗಿ ಒಪ್ಪಿದರು.

“ಅಷ್ಟು ದೂರದ ನೀರ್ಯಾಕಣ್ಣ? ನಾವೆಲ್ಲಾ ಬೇತಮಂಗಲದ ಕೆರೆ ನೀರು ಕುಡ್ದೇ ಬದ್ಕಿಲ್ವಾ?” ಎಂದ ಚಿಕ್ಕಮಾವ.

“ನೀನು ಬದ್ಕಿರೋದು ನೀರಿಂದಲ್ಲ ಕಣ್ಲಾ, ನಾನ್ ಮಾಡಿದ ಮುದ್ದೆಯಿಂದ” ಎಂದಳು ಅಜ್ಜಿ.

ಈ ಅಜ್ಜಿಯ ವಿಷಯ ಸ್ವಲ್ಪ ಹೇಳಬೇಕು. ಬಂಗಾರಪೇಟೆಯ ಸುತ್ತಮುತ್ತಲ ಅರ್ಧ ಮದುವೆಗಳನ್ನು ಕುದುರಿಸಿದವಳು ಅವಳೇ. ಉಳಿದರ್ಧ ಅವಳನ್ನು ಕೇಳದೆ ಆದವು, ಆದ್ದರಿಂದ ಕೆಟ್ಟವು ಎಂದು ಅವಳ ನಂಬಿಕೆ. ಆಗ ಅವಳ ತಲೆಯಲ್ಲಿ ಒಂದು ದೊಡ್ಡ ಯೋಜನೆ ಕುಳಿತಿತ್ತು. ಯುಗಾದಿಯ ಹೊತ್ತಿಗೆ ಚಿಕ್ಕಮಾವ ಊರಿಗಾಮಿನಲ್ಲಿ ಗಣಿಯವರು ಕೊಟ್ಟ ಲೈನ್ ಮನೆ ಬಿಟ್ಟು, ಸಂಸಾರ ಸಮೇತ ಬಂಗಾರಪೇಟೆಗೆ ಬರಬೇಕು. ಕೆಲಸಕ್ಕೆ ರೈಲಿನಲ್ಲಿ ಹೋಗಿಬರಲಿ. ಅಣ್ಣತಮ್ಮಂದಿರು ಒಂದೇ ಮನೆ, ಒಂದೇ ಒಲೆ. ಮಾವಂದಿರಿಬ್ಬರೂ ಇದಕ್ಕೆ ಹೂಂ ಎಂದಿದ್ದರು. ಅಜ್ಜಿಯ ಮುಂದೆ ಉಹೂಂ ಎಂದವರನ್ನು ನಮ್ಮ ವಂಶ ಇನ್ನೂ ಹಡೆದಿರಲಿಲ್ಲ. ಚಿಕ್ಕತ್ತೆ ಮಾತ್ರ ಹೂಂ ಕೂಡ ಅನ್ನದೆ ನೆಲ ನೋಡಿದ್ದಳು. ಲೈನ್ ಮನೆಯ ಗೇಣುದ್ದದ ಅಂಗಳದಲ್ಲಿ ತಾನೇ ನೆಟ್ಟ ಕನಕಾಂಬರ, ತನ್ನದೇ ಒಲೆ, ತಮಿಳು ತೆಲುಗು ಮಾತಾಡುವ ಅಕ್ಕಪಕ್ಕದ ಗೆಳತಿಯರು, ಇಷ್ಟನ್ನೂ ಅವಳು ಬಿಟ್ಟು ಬರಬೇಕಿತ್ತು.

ಇಂಥ ಅಜ್ಜಿಯನ್ನೇ ದೊಡ್ಡಮಾವ ಕೇಳಿದರು, “ಯಾವ ಮೀನು ತರ್ಲಮ್ಮಾ?”

“ಯಾವ್ದಾನ ತತ್ತಾ. ಆದ್ರೆ ಎರ್ಡೂ ಒಂದೇ ತರಾ ಇರ್ಬೇಕು. ಬಣ್ಣ ಒಂದು, ಅಳತೆ ಒಂದು. ಬೆರಕೆ ಬ್ಯಾಡ. ಒಂದೇ ತರದವು ಒಂದ್ರ ಮುಖ ಒಂದು ನೋಡ್ಕಂಡು ಹೊಂದ್ಕೊಂಡ್ ಓಗ್ತವೆ.”

ಸಂಬಂಧ ನೋಡುವ ಕ್ರಮದಲ್ಲೇ ಮೀನೂ ನಿಶ್ಚಯವಾಯಿತು. ನೀಲಿ ಮೈ, ಹಳದಿ ಬಾಲ, ಹೆಬ್ಬೆರಳಿನಷ್ಟು ಉದ್ದ. ಎರಡನ್ನೂ ಒಂದೇ ಅಚ್ಚಿನಲ್ಲಿ ತೆಗೆದಂತಿತ್ತು. ಜೊತೆಗೆ ಕರೆಯದೆ ಬಂದ ನೆಂಟರಂತೆ ಮರಳಿನಲ್ಲಿ ಅಡಗಿಕೊಂಡು ಬಂದದ್ದು ಮಣ್ಣುಬಣ್ಣದ ಒಂದು ಮೀನು ಮತ್ತು ಒಂದು ಸೀಗಡಿ. ಮಣ್ಣುಬಣ್ಣದ್ದರ ಮುಖ, ಸಾಲ ಕೊಟ್ಟವನನ್ನು ದಾರಿಯಲ್ಲಿ ಕಂಡವನ ಮುಖದಂತಿತ್ತು. “ಇದು ಯಾವ ಕುಲವೋ, ಇರ್ಲಿ ಮೂಲೇಲಿ” ಎಂದು ಅಜ್ಜಿ ಔದಾರ್ಯ ತೋರಿದಳು.

ನೀರಿಗೆ ಗಾಳಿ ಊದುವ ಕೆಲಸ ನನ್ನದು. ಸೈಕಲ್ ಪಂಪಿಗೆ ಕೊಳವೆ ಸಿಕ್ಕಿಸಿ ಪುಸುಪುಸು ಒತ್ತುತ್ತಾ ಕೂರುತ್ತಿದ್ದೆ. ಊರಿನವರನ್ನೆಲ್ಲ ಅಣಕಿಸಿ ತೋರಿಸುವುದು ನನ್ನ ಹುಟ್ಟುಗುಣ. ಬಿಡುವಿನಲ್ಲಿ ಮೀನನ್ನೂ ಅಣಕಿಸಲು ಹೋಗಿ, ಬಾಯಿ ತೆರೆದು ಮುಚ್ಚಿ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ಏನೂ ಮಾಡದಿದ್ದರೂ ನನ್ನ ಮುಖ ಮೀನಿನ ಹಾಗೆಯೇ ಇತ್ತು. ಬೇಸರದಿಂದ ಪಂಪಿಗೆ ಹಿಂತಿರುಗಿದೆ.

ಆಘಾತವಾದದ್ದು ಭಾನುವಾರ. ಚಿಕ್ಕಮಾವ, ಚಿಕ್ಕತ್ತೆ ಬಂದಿದ್ದರು. ಯುಗಾದಿಗೆ ಇವರ ಮಂಚ ಎಲ್ಲಿ, ಪೆಟ್ಟಿಗೆ ಎಲ್ಲಿ ಎಂದು ಅಜ್ಜಿ ನಡುಮನೆಯಲ್ಲಿ ಕೈ ಚಾಚಿ ಹಂಚುತ್ತಿದ್ದಳು. ಅಷ್ಟರಲ್ಲಿ ಒಂದು ನೀಲಿ ಮೀನು ಇನ್ನೊಂದರ ಹಳದಿ ಬಾಲವನ್ನು ಕಚ್ಚಿ ಎಳೆಯಿತು. ಆಟ ಅಂದುಕೊಂಡೆವು. ಬಾಲದ ಚೂರು ನೀರಿನಲ್ಲಿ ತೇಲಿತು. ನಾನು ಪಂಪು ಒತ್ತುವುದನ್ನು ಮರೆತೆ. ಕಚ್ಚಿಸಿಕೊಂಡದ್ದು ಕಲ್ಲಿನ ಸುತ್ತ, ಗಾಜಿನ ಉದ್ದಕ್ಕೂ, ಮೂಲೆಯಿಂದ ಮೂಲೆಗೆ ಓಡಿತು. ಇನ್ನೊಂದು ಬಿಡಲಿಲ್ಲ. ಆ ಪುಟ್ಟ ಮುಖದಲ್ಲಿ ಅಷ್ಟು ದ್ವೇಷ ಹಿಡಿಸೀತೆಂದು ನಾನು ಎಣಿಸಿರಲಿಲ್ಲ. ಕಡೆಗೆ ಅಟ್ಟಿಸಿಕೊಂಡ ಮೀನು ನೀರಿನಿಂದಲೇ ಎಗರಿ, ಅಜ್ಜಿಯ ಪಾದದ ಹತ್ತಿರ ನೆಲಕ್ಕೆ ಬಿತ್ತು.

ಗಣಿಯ ಆಳದಲ್ಲಿ ಬಂಡೆ ಸಿಡಿಯುವುದನ್ನು ಕೇಳಿದ್ದ ಚಿಕ್ಕಮಾವ ಬೆವರಿದ್ದ. ದೊಡ್ಡಮಾವನವರ ಕೈ ಗಾಡಿ ನಿಲ್ಲಿಸುವವರ ಹಾಗೆ ಮೇಲಕ್ಕೆದ್ದು ಅಲ್ಲೇ ನಿಂತಿತ್ತು.

“ಅಲ್ಲಾ, ಎರ್ಡೂ ಒಂದೇ ತರಾ ಇದ್ವಲ್ಲಾ” ಎಂದಳು ಅಜ್ಜಿ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮೊದಲ ಸಲ ಕೇಳಿದೆ.

ಚಿಕ್ಕತ್ತೆ ಬೊಗಸೆಯಲ್ಲಿ ಮೀನನ್ನು ಎತ್ತಿಕೊಂಡಳು. “ಅದ್ಕೇ ಅತ್ತೆಮ್ಮಾ. ಇದ್ಕೆ ಬೇಕಾದ ಕಲ್ಲೇ ಅದ್ಕೂ ಬೇಕು. ಇದು ತಿನ್ನೋದೇ ಅದೂ ತಿನ್ನೋದು. ಎದ್ರೆ ಕುಂತ್ರೆ ಒಂದ್ರ ಕಣ್ಣಿಗೆ ಒಂದು ಬೀಳ್ತದೆ. ಓಗೋಕೆ ಬ್ಯಾರೆ ಜಾಗ ಎಲ್ಲೈತೆ?” ಎಂದಳು.

ಉಳಿದಿದ್ದ ಕಡಲ ನೀರನ್ನು ಗಡಿಗೆಗೆ ಸುರಿದು ಅದರಲ್ಲಿ ಮೀನನ್ನು ಬಿಟ್ಟೆವು. ಪಂಪು ಈಗ ಎರಡು ಕಡೆ ಒತ್ತಬೇಕಾಯಿತು.

ದೊಡ್ಡದು ಚಿಕ್ಕದನ್ನು ನುಂಗುವುದಕ್ಕೆ ನಮ್ಮ ಹಿರಿಯರು ಮತ್ಸ್ಯನ್ಯಾಯ ಎಂದರು. ಅವರು ಮೀನನ್ನು ದಡದಲ್ಲಿ ನಿಂತು ನೋಡಿರಬೇಕು. ಗಾಜಿನ ಪಕ್ಕ ಕುಳಿತು ಪಂಪು ಒತ್ತಿದ್ದರೆ ಬೇರೆ ಬರೆಯುತ್ತಿದ್ದರು. ನುಂಗುವುದು ಹಸಿವು, ಅದರಲ್ಲಿ ಹಗೆಯಿಲ್ಲ. ಹಗೆ ಹುಟ್ಟುವುದು ನಮ್ಮಷ್ಟೇ ಇರುವವರ ಮೇಲೆ, ನಮಗೆ ಬೇಕಾದದ್ದೇ ಬೇಕೆನ್ನುವವರ ಮೇಲೆ. ತೊಟ್ಟಿಯ ಆ ಕಡೆ ಮೂಲೆಯಲ್ಲಿ ನಡೆಯುತ್ತಿದ್ದುದು ಅಜ್ಜಿಯ ನಂಬಿಕೆಗೆ ಇನ್ನೂ ದಿಗಿಲು ಹುಟ್ಟಿಸುವಂತಿತ್ತು. ಕುಲಗೋತ್ರವಿಲ್ಲದ ಸೀಗಡಿ ಮರಳು ಬಗೆದು ಬಿಲ ತೋಡುತ್ತಿತ್ತು. ಮಣ್ಣುಬಣ್ಣದ ಮೀನು ಬಾಗಿಲಲ್ಲಿ ಕಾವಲು ನಿಂತಿತ್ತು. ಅಪಾಯ ಕಂಡರೆ ಬಾಲ ಅಲ್ಲಾಡಿಸುವುದು, ಇಬ್ಬರೂ ಒಳಗೆ. ಮೀನು ತೋಡಲಾರದು, ಸೀಗಡಿಗೆ ಕಣ್ಣು ಸಾಲದು. ಯಾವ ಅಜ್ಜಿಯೂ ಕೂಡಿಸದ ಸಂಬಂಧ.

“ನೋಡಜ್ಜಿ, ತೋಡೋದು ಚಿಕ್ಕಮಾವ, ಕಾಯೋ ಗಾರ್ಡು ದೊಡ್ಡಮಾವ. ಹಂಗಾದ್ರೆ ಇಬ್ರಿಗೂ ಹೊಂದ್ತದೆ” ಎಂದೆ, ಅಣಕದ ದನಿಯಲ್ಲಿ.

“ಮುಚ್ಲಾ ಬಾಯಿ. ಅವ್ರಿಬ್ರೂ ಒಂದೇ ಬಸುರಲ್ಲಿ ಬಂದೋರು. ಸಾರಲ್ಲಿ ಮೊದ್ಲ ಸೌಟು ಯಾರಿಗೆ ಅಂತ ಈಗ್ಲೂ ತಟ್ಟೆ ಮುಂದೆ ಬಗ್ಗಿ ನೋಡ್ತಾರೆ” ಎಂದಳು ಅಜ್ಜಿ. ಮಾವಂದಿರಿಬ್ಬರೂ ಒಟ್ಟಿಗೆ ಬೇರೆ ಬೇರೆ ಗೋಡೆ ನೋಡಿದರು.

ಸಂಜೆ ರೈಲಿಗೆ ಹೊರಡುವಾಗ ಅಜ್ಜಿ ಚಿಕ್ಕಮಾವನಿಗೆ ಹೇಳಿದಳು, “ಊರಿಗಾಮಲ್ಲೇ ಇರ್ಲಾ. ಬೆಳಿಗ್ಗೆ ರೈಲು ತಪ್ಪಿದ್ರೆ ನಿಂಗೆ ಕಷ್ಟ. ಭಾನುವಾರ ಬಾ.” ಮೀನಿನ ಮಾತೇ ಎತ್ತಲಿಲ್ಲ. ಚಿಕ್ಕತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಯಾಸಕ್ಕೋ ಸಮಾಧಾನಕ್ಕೋ ತಿಳಿಯಲಿಲ್ಲ.

ಮುಂದಿನ ಭಾನುವಾರ ಬಂದ ಚಿಕ್ಕತ್ತೆ ಬೇರೆಯೇ ಹೆಂಗಸಾಗಿದ್ದಳು. ಅಡುಗೆಮನೆಯಲ್ಲಿ ಸೌಟು ಹಿಡಿದು ದೊಡ್ಡಮಾವ ನೀರು ಕೇಳುವುದನ್ನು ಅಣಕಿಸಿದಳು. ಮನೆ ನಕ್ಕಿತು. ಆಮೇಲೆ, ಪಂಪು ಒತ್ತುತ್ತಾ ಬಾಯಿ ತೆರೆದು ಮುಚ್ಚುವ ನನ್ನನ್ನು. ನಾನು ಯಾವತ್ತೂ ನಗಿಸಲಾಗದ ಅಜ್ಜಿ, ಗೋಡೆಗೊರಗಿ, ಕಣ್ಣೀರು ಬರುವಷ್ಟು ನಕ್ಕಳು. ಈ ಮನೆಯಲ್ಲಿ ಇನ್ನೊಬ್ಬರಿಗೂ ಈ ವಿದ್ಯೆ ಇದೆ, ನನಗಿಂತ ಚೆನ್ನಾಗಿದೆ ಎಂದು ತಿಳಿದಾಗ ನನ್ನೊಳಗೆ ಎದ್ದದ್ದಕ್ಕೆ ಹೆಸರು ಬೇಕಿಲ್ಲ. ಹಲ್ಲು ಮಾತ್ರ ತುಸು ತುರಿಸಿದವು.

ಸಂಜೆ ಚಿಕ್ಕತ್ತೆಯ ಚೀಲವನ್ನು ನಾನೇ ಹೊತ್ತು, ಬೇಕಾದ್ದಕ್ಕಿಂತ ಎಷ್ಟೋ ಮುಂಚೆ ಸ್ಟೇಷನ್ನಿಗೆ ಕರೆದೊಯ್ದೆ. ಗಾಡಿ ಕದಲಿ, ಕಿಟಕಿಯಲ್ಲಿ ಅವಳ ಕೈ ಸಣ್ಣದಾಗುತ್ತಾ ಹೋದಂತೆ, ಅವಳ ಮೇಲೆ ನನಗೆ ಇನ್ನಿಲ್ಲದ ಅಕ್ಕರೆ ಉಕ್ಕಿ ಬಂತು.